ಆರನೇ ಪುಟದ ನಾಲ್ಕು ಸಾಲು

ಸಾನ್ ಅಲ್ಫೋನ್ಸೊ
19 ಮೇ 2009

ಮಗಳು ಫಾಬಿಯೋಲಳಿಗೆ,

ಆಶೀರ್ವಾದವನ್ನು ಕೊನೆಯಲ್ಲಿ ಬರೆಯುತ್ತೇನೆ, ಅಷ್ಟರೊಳಗೆ ಕೋಪ ಇಳಿದಿದ್ದರೆ.

ನಿಮ್ಮ ನೀರು ಹಂಚಿಕೆ ಮಂಡಳಿಯಿಂದ ಪುಕಾಲೋಮ ಊರಿಗೆ ಒಂದು ಕಾಗದ ಬಂದಿದೆ. ಇಪ್ಪತ್ತಾರು ವರ್ಷಗಳಿಂದ ಆ ಊರಿಗೆ ಬರುವ ಸರ್ಕಾರಿ ಕಾಗದವೆಲ್ಲ ಮೊದಲು ಚರ್ಚಿನ ಪಕ್ಕದ ಕಮಾನಿನ ಕೆಳಗೆ, ನನ್ನ ಮೇಜಿಗೆ ಬರುತ್ತದೆ. ನಾನು ಅದರ ಸ್ಪಾನಿಷ್ ಓದಿ, ಇದರಲ್ಲಿ ಹೀಗೆ ಬರೆದಿದ್ದಾರೆ ಎಂದು ಅವರ ಕಿಚುವಾ ಭಾಷೆಯಲ್ಲಿ ಹೇಳಿ, ಉತ್ತರ ಟೈಪು ಮಾಡಿ ಕೊಡುತ್ತೇನೆ. ಆ ಮೇಜಿನ ಕೆಳಗೆ ಕೂತು ಬೆಳೆದವಳಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ.

ಈ ಸಲ ಹಾಗಾಗಲಿಲ್ಲ. ಊರಿನ ನೀರಿನ ಸಂಘದ ಅಧ್ಯಕ್ಷೆ ಸೊಯ್ಲಮ್ಮ ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಬಲ್ಲವಳು. ಅವಳು ಹಾಲಿನ ಕ್ಯಾನುಗಳ ಜೊತೆ ಬಸ್ಸಿನಿಂದ ಇಳಿದು ನೇರ ನನ್ನ ಮುಂದೆ ನಿಂತಳು. ನಾನು ಕನ್ನಡಕ ಹಾಕಿಕೊಳ್ಳುತ್ತಿದ್ದೆ.

“ಕನ್ನಡಕ ಬೇಡ ಬಿಡಿ ದೊನ್ ಅಬೆಲಾರ್ದೊ,” ಎಂದು ನನ್ನ ಎಡಗಿವಿಗೆ ಕೂಗಿದಳು. “ಇವತ್ತು ನೀವು ಓದಿ ಹೇಳೋದೇನಿಲ್ಲ. ನಂಗೇ ತಿಳೀತು. ನೀರಿಲ್ಲ ಅಂತ ಬರ್ದವ್ರೆ.”

ನಾನೂ ಓದಿದೆ. ಐದೇ ವಾಕ್ಯ. “ಯಾನಪುಗ್ಯೊ ಬುಗ್ಗೆಯ ನೀರನ್ನು ಹತ್ತು ವರ್ಷಗಳಿಗೆ ಗುಲಾಬಿ ಬೆಳೆಯುವ ಕಂಪನಿಗೆ ಕೊಟ್ಟಿದ್ದೇವೆ. ಆಕ್ಷೇಪವಿದ್ದರೆ ಮಾರ್ಚ್ 31ರೊಳಗೆ ತಿಳಿಸಬೇಕಿತ್ತು. ನೀವು ತಿಳಿಸಲಿಲ್ಲ. ಜುಲೈ 10ರವರೆಗೆ ಮೇಲ್ಮನವಿ ಸಲ್ಲಿಸಬಹುದು. ಧನ್ಯವಾದಗಳು.”

ಧನ್ಯವಾದ ಯಾವುದಕ್ಕೆ? ನೂರ ನಲವತ್ತು ಮನೆಯವರು ಬಾಯಾರಿ ಸಾಯಲು ಒಪ್ಪಿದ್ದಕ್ಕೆಯೇ?

ಇದು ನಿನ್ನ ಕೆಲಸವೆಂದು ಮೊದಲ ಸಾಲಿಗೇ ಗೊತ್ತಾಯಿತು. ಜನವರಿಯಲ್ಲಿ ನಿನ್ನ ಪುಸ್ತಿಕೆ ಕಳಿಸಿದ್ದೆಯಲ್ಲ, ಸರಳವಾಗಿ ಬರೆಯುವುದಕ್ಕೆ ಹನ್ನೆರಡು ನಿಯಮ, ಹಿಂದಿನ ರಟ್ಟಿನಲ್ಲಿ ನಿನ್ನ ಫೋಟೊ. ಅಂಚೆಯವನಿಗೂ, ಪಾದ್ರಿಗೂ, ಬಿಸ್ಕತ್ತು ಸುಡುವ ಹೆಂಗಸರಿಗೂ ಅದನ್ನು ತೋರಿಸಿಕೊಂಡು ತಿರುಗಿದ ಮುಠ್ಠಾಳ ನಾನು. ಸರ್ಕಾರ ಮೊದಲು ‘ಇಲ್ಲ’ ಎನ್ನಲು ಎರಡು ಪುಟ ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ನಮ್ಮವರಿಗೆ ಕುರ್ಚಿ ಹುಡುಕಿ ಕೂರುವಷ್ಟು ಸಮಯವಾದರೂ ಸಿಗುತ್ತಿತ್ತು. ನೀನು ಅದನ್ನೂ ಉಳಿಸಲಿಲ್ಲ.

ಇನ್ನೊಂದು ಮಾತು. ‘ನೀವು ತಿಳಿಸಲಿಲ್ಲ’ ಎಂಬುದು ಸುಳ್ಳು. ಅರ್ಜಿ ಬರೆದವನು ನಾನು.

ಫೋನು ಮಾಡಬೇಡ, ನನಗೆ ಅದರಲ್ಲಿ ಏನೂ ಕೇಳುವುದಿಲ್ಲ. ಬಸ್ಸಿನ ಡ್ರೈವರ್ ಕೈಯಲ್ಲಿ ಉತ್ತರ ಕಳಿಸು.

ಕೋಪ ಇಳಿದಿಲ್ಲ.

ನಿನ್ನ ತಂದೆ,
ಅಬೆಲಾರ್ದೊ ತಿಪಾನ್‌ಲುಯ್ಸಾ


ಕೀತೊ
24 ಮೇ 2009

ಅಪ್ಪ,

ಬುಗ್ಗೆ ಯಾರಿಗೆಂದು ತೀರ್ಮಾನಿಸುವುದು ನಾನಲ್ಲ. ಆ ಕೆಲಸ ಎಂಜಿನಿಯರುಗಳದ್ದು. ತೀರ್ಮಾನವನ್ನು ಅರ್ಥವಾಗುವಂತೆ ಬರೆಯುವುದನ್ನು ನಾನು ಕಲಿಸುತ್ತೇನೆ. ಸೊಯ್ಲಮ್ಮ ಸರ್ಕಾರದ ಕಾಗದವನ್ನು ತಾನೇ ಓದಿ ತಿಳಿದುಕೊಂಡದ್ದು ಇದೇ ಮೊದಲು ಎಂದು ನೀವೇ ಬರೆದಿದ್ದೀರಿ. ಅದಕ್ಕೆ ನೀವು ನನ್ನನ್ನು ಬೈಯುತ್ತಿದ್ದೀರಿ. ಸುದ್ದಿ ಕೆಟ್ಟದಾದರೆ ಅದನ್ನು ತಂದವಳ ಮೇಲೆ ಕೂಗಾಡಬೇಕೆ?

ಅರ್ಜಿ ಬರೆದೆ ಎನ್ನುತ್ತೀರಿ. ಎಷ್ಟು ಪುಟ? ನಾನೇ ಹೇಳುತ್ತೇನೆ, ಆರು ಅಥವಾ ಏಳು. ಮೊದಲ ಪುಟ ಹೇಗೆ ಶುರುವಾಗುತ್ತದೆಂದೂ ಹೇಳಬಲ್ಲೆ. “ಸಕಲ ಸದ್ಗುಣಸಂಪನ್ನರೂ, ಜಲರಾಶಿಯ ಧರ್ಮಪಾಲಕರೂ, ದೀನಜನರ ಕಲ್ಪವೃಕ್ಷವೂ ಆದ ನಿರ್ದೇಶಕ ಮಹಾಶಯರ ದಿವ್ಯ ಸನ್ನಿಧಾನಕ್ಕೆ...” ಕೈಬರಹ ದುಂಡಗಾಗಲೆಂದು ಏಳು ವರ್ಷ ಇದನ್ನೇ ನನ್ನಿಂದ ನಕಲು ಮಾಡಿಸಿದಿರಿ. ಈಗಲೂ ಕನಸಿನಲ್ಲಿ ಬರುತ್ತದೆ.

ಊರಿಗೆ ಬೇಕಾದದ್ದು ಏನೆಂದು ಎಷ್ಟನೇ ಪುಟದಲ್ಲಿ ಬರೆದಿರಿ? ನಮ್ಮ ಸ್ವಾಗತ ಮೇಜಿಗೆ ದಿನಕ್ಕೆ ನೂರಿಪ್ಪತ್ತು ಕಾಗದ ಬರುತ್ತವೆ. ಅಲ್ಲಿನ ಗುಮಾಸ್ತ ಮೊದಲ ಪುಟ ನೋಡಿ ವಿಷಯ ಬರೆದುಕೊಳ್ಳುತ್ತಾನೆ. ಅವನಿಗೆ ಆರು ಪುಟ ತಿರುವಲು ಪುರುಸೊತ್ತಿಲ್ಲ. ನನ್ನ ಮೊದಲ ನಿಯಮವೇ ಅದು: ಏನು ಬೇಕೋ ಅದನ್ನು ಮೊದಲ ಸಾಲಿನಲ್ಲಿ ಹೇಳಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಯುವುದು ನಿಮ್ಮ ಬರವಣಿಗೆ. ಅದನ್ನು ಈ ಕಾಲದಲ್ಲಿ ಯಾರೂ ಪೂರ್ತಿ ಓದುವುದಿಲ್ಲ. ನನ್ನ ಕೈಗೆ ಬಂದರೆ ನಾನೂ ಓದುವುದಿಲ್ಲ.

ಪುಕಾಲೋಮದವರಿಗಾಗಿ ನನಗೂ ದುಃಖವಿದೆ. ಆದರೆ ತಪ್ಪು ಎಲ್ಲಿದೆಯೆಂದು ನಿಮ್ಮ ಮೇಜಿನ ಮೇಲೆಯೇ ಹುಡುಕಿ.

ಶೀತಕ್ಕೆ ಔಷಧಿ ಕಳಿಸಿದ್ದೇನೆ. ಕುಡಿಯಿರಿ.

ಫಾಬಿಯೋಲ


ಸಾನ್ ಅಲ್ಫೋನ್ಸೊ
30 ಮೇ 2009

ಫಾಬಿಯೋಲ,

ಔಷಧಿಯನ್ನು ಬೆಕ್ಕಿಗೆ ಹಾಕಿದೆ, ಅದೂ ಕುಡಿಯಲಿಲ್ಲ.

ಅರ್ಜಿಯ ನನ್ನ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ಮೇಲೆ ನಿಮ್ಮವರ ಮೊಹರಿದೆ: ಮಾರ್ಚ್ 11, ಬೆಳಿಗ್ಗೆ 9.40. ಗಡುವಿಗೆ ಇನ್ನೂ ಇಪ್ಪತ್ತು ದಿನವಿತ್ತು. ಆರು ಪುಟ, ಸರಿಯಾಗಿಯೇ ಹೇಳಿದೆ. ನಿರ್ದೇಶಕರಿಗೆ ಯಾವ ಸಂತನ ಹೆಸರಿಟ್ಟಿದ್ದಾರೋ ಆ ಸಂತನ ಹಬ್ಬ ಮಾರ್ಚ್ 19ಕ್ಕಿತ್ತು. ಅದು ಹತ್ತಿರ ಬಂದಿರುವಾಗ ಶುಭಾಶಯ ಹೇಳದೆ ಏನನ್ನಾದರೂ ಕೇಳುವುದು ಮರ್ಯಾದೆಯಲ್ಲ. ಅದಕ್ಕೆ ಎರಡು ಪುಟ ಹಿಡಿಯಿತು. ಬುಗ್ಗೆಯ ವಿಷಯ ಆರನೇ ಪುಟದಲ್ಲಿದೆ.

ನಗಬೇಡ. ನೀನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಪುಕಾಲೋಮದವರಿಗೆ ನಾನು ಬರೆದ ಮೊದಲ ಅರ್ಜಿ ಒಂದೇ ಪುಟದ್ದಾಗಿತ್ತು. “ಅರವತ್ತು ಮಕ್ಕಳಿದ್ದಾರೆ. ಒಬ್ಬ ಮೇಷ್ಟರು ಬೇಕು.” ನಿನ್ನ ಪುಸ್ತಿಕೆ ಆಗ ಇದ್ದಿದ್ದರೆ ಅದರಲ್ಲಿ ನೀನೇ ಅಚ್ಚು ಹಾಕಿಸುತ್ತಿದ್ದೆ. ಸೊಯ್ಲಮ್ಮನ ಅಪ್ಪ ಅದನ್ನು ಹಿಡಿದುಕೊಂಡು ಕಚೇರಿಗೆ ಹೋದ. ನಾನೂ ಜೊತೆಗಿದ್ದೆ. ಗುಮಾಸ್ತ ಓದಿ, “ನಮಸ್ಕಾರ ಹೇಳೋಕೂ ಬರಲ್ವಾ ಈ ಗುಡ್ಡದ ಜನಕ್ಕೆ?” ಎಂದು ಎಲ್ಲರೆದುರು ಅದನ್ನು ಹರಿದು ನೆಲಕ್ಕೆ ಹಾಕಿದ. ಆಮೇಲೆ ಆ ಮುದುಕನ ಕೈಗೆ ಪೊರಕೆ ಕೊಟ್ಟು ಚೂರುಗಳನ್ನು ಗುಡಿಸುವಂತೆ ಮಾಡಿದ. ನಾನು ಸುಮ್ಮನೆ ನಿಂತು ನೋಡಿದೆ.

ಮರುವಾರ ನಾಲ್ಕು ಪುಟ ಬರೆದೆ. ಮೂರು ಪುಟ ಬರೀ ತಲೆ ಬಾಗಿಸುವುದೇ. ಮೇಷ್ಟರು ಬಂದರು. ಅಂದಿನಿಂದ ನಾನು ಟೈಪು ಮಾಡಿದ ಒಂದೊಂದು ‘ಮಹಾಶಯ’ವೂ ಆ ಜನ ಮತ್ತೆ ಪೊರಕೆ ಹಿಡಿಯಬಾರದೆಂದು. ನಿಮ್ಮ ಬಾಗಿಲು ತಗ್ಗಾಗಿತ್ತು, ನಾವು ಬಗ್ಗಿದೆವು. ಈಗ ಬಗ್ಗಿದ್ದೇ ತಪ್ಪೆಂದು ಒಳಗೆ ಕೂತವಳು ಹೇಳುತ್ತಿದ್ದಾಳೆ.

ಕಂಪನಿಯವರು ಕೊಳವೆ ಹಾಕಿಯಾಯಿತು. ಊರಿನ ನಲ್ಲಿಗೆ ಎರಡು ದಿನಕ್ಕೊಮ್ಮೆ ಒಂದು ಗಂಟೆ ನೀರು. ಹಸುಗಳನ್ನು ಕಮರಿಗೆ ಇಳಿಸಿ ಕುಡಿಸಿಕೊಂಡು ಬರುವಷ್ಟರಲ್ಲಿ ಅರ್ಧ ಹಾಲು ಇಂಗಿರುತ್ತದೆ. ಅಲ್ಲಿ ಕೆಳಗೆ ಪ್ಲಾಸ್ಟಿಕ್ ಚಪ್ಪರದೊಳಗೆ ಗುಲಾಬಿಗೆ ದಿನಕ್ಕೆ ಮೂರು ಸಲ ನೀರು ಸಿಂಪಡಿಸುತ್ತಾರೆ.

ನನಗೆ ಒಂದೇ ಉತ್ತರ ಬೇಕು. ಮಾರ್ಚ್ 11ರಿಂದ 31ರವರೆಗೆ ಈ ಅರ್ಜಿ ಯಾರ ಕೈಯಲ್ಲಿತ್ತು? ನೀನು ಅದೇ ಕಟ್ಟಡದಲ್ಲಿದ್ದೀಯ. ಹುಡುಕಿ ಹೆಸರು ಹೇಳು.

ಅಬೆಲಾರ್ದೊ


ಕೀತೊ
12 ಜೂನ್ 2009

ಪೂಜ್ಯ ತಂದೆಯವರಿಗೆ,

ತಮ್ಮ ಮೇ 30ರ ಪತ್ರ ತಲುಪಿದೆ. ಸದರಿ ವಿಷಯವಾಗಿ ವಿಚಾರಿಸಲಾಗಿ, ಅರ್ಜಿಯು ಸಕಾಲದಲ್ಲಿ ಸ್ವೀಕೃತವಾಗಿದ್ದು, ತದನಂತರ ಆಂತರಿಕ ಉಪಯೋಗದ ನಿಮಿತ್ತ ಬೇರೆಡೆ ಇರಿಸಲ್ಪಟ್ಟ ಕಾರಣ ಸಂಬಂಧಪಟ್ಟ ವಿಭಾಗಕ್ಕೆ ರವಾನೆಯಾಗಿರುವುದಿಲ್ಲವೆಂಬ ಅಂಶ ಕಂಡುಬಂದಿರುತ್ತದೆ. ಕಾರ್ಯವಿಧಾನದಲ್ಲಿನ ಲೋಪಗಳನ್ನು ಸರಿಪಡಿಸುವ ಬಗ್ಗೆ ಪರಿಶೀಲಿಸಲಾಗುತ್ತಿದೆ.

ಮೇಲ್ಮನವಿಗೆ ಅವಕಾಶವಿರುವುದರಿಂದ ಅಲ್ಲಿಯವರೆಗೆ ಸಂಯಮದಿಂದ ಇರಬೇಕಾಗಿ ಕೋರುತ್ತೇನೆ.

ಇಂತಿ,
ಫಾಬಿಯೋಲ ತಿಪಾನ್‌ಲುಯ್ಸಾ
ಮುಖ್ಯಸ್ಥೆ, ಸರಳ ಬರವಣಿಗೆ ವಿಭಾಗ


ಸಾನ್ ಅಲ್ಫೋನ್ಸೊ
16 ಜೂನ್ 2009

ಫಾಬಿಯೋಲ,

ಇಪ್ಪತ್ತಾರು ವರ್ಷ ಈ ಕಮಾನಿನ ಕೆಳಗೆ ಕೂತು ಊರಿನ ಸಮಸ್ತ ಪುಂಡರಿಗೂ ಕಾಗದ ಬರೆದುಕೊಟ್ಟಿದ್ದೇನೆ. ಅಣ್ಣನ ಹೊಲ ನುಂಗಿದವನಿಗೆ, ಹೆಂಡತಿ ಬಿಟ್ಟು ಓಡಿದವನಿಗೆ, ಪರರ ಹಸು ಮಾರಿದವನಿಗೆ. “ಹಸು ಮಾರಲ್ಪಟ್ಟಿರುವುದು ಕಂಡುಬಂದಿದೆ” ಎಂದು ಬರೆದುಕೊಡುತ್ತಿದ್ದೆ. ಆದ್ದರಿಂದ ನಿನ್ನ ಕಾಗದ ಓದಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಎರಡೂ ಹೆಗಲು ಮುಟ್ಟಿಕೊಂಡಿದ್ದೀಯ.

ಹಾಗಿದ್ದರೂ ನಿನ್ನ ಮೇಲಿಟ್ಟ ನಂಬಿಕೆ ಪೂರ್ತಿ ಹೋಗಿರಲಿಲ್ಲ. ಯಾರೋ ಮೇಲಿನವರನ್ನು ಕಾಪಾಡುತ್ತಿದ್ದೀಯ ಎಂದುಕೊಂಡಿದ್ದೆ. ನಿನ್ನೆ ಸೊಯ್ಲಮ್ಮ ಕೀತೊಗೆ ಹೋಗಿ ಬಂದಳು.

ಸ್ವಾಗತ ಮೇಜಿನವನು ದಫ್ತರ ತೆಗೆದು ತೋರಿಸಿದನಂತೆ. ನಮ್ಮ ಅರ್ಜಿಯ ಮುಂದೆ ‘ಹಬ್ಬದ ಶುಭಾಶಯ’ ಎಂದು ಬರೆದಿದೆ. ಅದು ನನ್ನ ಪಾಲಿನ ತಪ್ಪು, ನುಂಗಿಕೊಂಡೆ. ಆಮೇಲೆ ಅವಳು ನಿನ್ನನ್ನು ಕೇಳಿದಳು. ಮೇಡಂ ಪಾಠ ಮಾಡುತ್ತಿದ್ದಾರೆ, ಹೊರಗೆ ಕೂತಿರಿ ಎಂದರು. ಕೂತಳು. ಎದುರಿನ ಗೋಡೆಯ ಮೇಲೆ ದೊಡ್ಡದು ಮಾಡಿ ಅಂಟಿಸಿದ ಒಂದು ಪುಟ. ಹೆಸರುಗಳಿಗೆ ಕಪ್ಪು ಬಳಿದಿದ್ದಾರೆ, ಸಾಲುಗಳ ಕೆಳಗೆ ಕೆಂಪು ಗೀರು, ತಲೆಯ ಮೇಲೆ ‘ಹೀಗೆ ಬರೆಯಬೇಡಿ’. ಮೂಲೆಯಲ್ಲಿದ್ದ ದುಂಡು ಮೊಹರಿಗೆ ಬಣ್ಣ ಬಳಿಯುವುದನ್ನು ಮಾತ್ರ ಯಾರೋ ಮರೆತಿದ್ದರು. ಊರಿನ ನೀರಿನ ಸಂಘದ್ದು, ಬುಗ್ಗೆಯ ಚಿತ್ರವಿರುವ ಮೊಹರು. ಅದನ್ನು ಅವಳು ತನ್ನ ಕೈಯಾರೆ ಒತ್ತಿದ್ದಳು.

ಒಳಗಿನಿಂದ ನಗು ಕೇಳಿಸುತ್ತಿತ್ತಂತೆ. ನಿನ್ನನ್ನು ನೋಡದೆ ಎದ್ದು ಬಂದಳು. ನನಗೆ ಇದನ್ನೆಲ್ಲ ಹೇಳುವಾಗ ಅವಳು ಕೂಗಲಿಲ್ಲ. ಮೂರು ಸಲ ಮೆಲ್ಲನೆ ಹೇಳಿದಳು, ನನಗೆ ಕೇಳಿಸುವವರೆಗೆ.

ಬರೆಯುವವರಿಗೆ ಹನ್ನೆರಡು ನಿಯಮ ಮಾಡಿದೆ. ಓದುವವರಿಗೆ ಒಂದನ್ನಾದರೂ ಮಾಡಿದೆಯಾ?

ಅಬೆಲಾರ್ದೊ


ಕೀತೊ
21 ಜೂನ್ 2009

ಅಪ್ಪ,

ಅರ್ಜಿ ಬೇರೆಡೆ ‘ಇರಿಸಲ್ಪಟ್ಟಿರಲಿಲ್ಲ’. ನಾನು ಅದನ್ನು ತೆಗೆದುಕೊಂಡೆ.

ಮಾರ್ಚ್ 12ರಂದು ಪಾಠಕ್ಕೆ ಉದಾಹರಣೆ ಬೇಕೆಂದು ಶುಭಾಶಯ ಪತ್ರಗಳನ್ನು ಹಾಕುವ ಟ್ರೇ ಜಾಲಾಡುತ್ತಿದ್ದೆ. ಮೊದಲ ಸಾಲಿಗೇ ನಿಮ್ಮದೆಂದು ಗೊತ್ತಾಯಿತು. ನಾಚಿಕೆಯಾಯಿತು. ಇದು ನನ್ನ ಅಪ್ಪ ಬರೆದದ್ದೆಂದು ಯಾರಿಗೂ ತಿಳಿಯಬಾರದೆಂದು ಹೆಸರಿಗೆ ಕಪ್ಪು ಬಳಿದೆ. ಇದಕ್ಕಿಂತ ಒಳ್ಳೆಯ ಕೆಟ್ಟ ಉದಾಹರಣೆ ಸಿಗಲಾರದೆಂದು ಖುಷಿಯೂ ಆಯಿತು. ಮೊದಲ ಪುಟವನ್ನು ನಕಲು ಮಾಡಿಸಿ, ಅರ್ಜಿಯನ್ನು ನನ್ನ ಡ್ರಾಯರಿನಲ್ಲಿ ಹಾಕಿದೆ. ಎರಡನೇ ಪುಟ ತಿರುವಲಿಲ್ಲ. ನಿಮ್ಮ ಎರಡನೇ ಪುಟದಲ್ಲಿ ಏನಿರುತ್ತದೆಂದು ನನಗೆ ಗೊತ್ತು ಎಂದುಕೊಂಡೆ.

ಏಳು ತಂಡಗಳಿಗೆ ಅದನ್ನು ಓದಿ ತೋರಿಸಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಿಮ್ಮ ದನಿಯನ್ನು ಅಣಕಿಸಿಯೂ ಓದಿದೆ.

ಮೇ 24ರಂದು ನಿಮಗೆ ಬೈದು ಬರೆದಾಗ, ನಾನು ಬರೀ ಶುಭಾಶಯವೆಂದುಕೊಂಡದ್ದೇ ಈ ಅರ್ಜಿ ಎಂದು ಹೊಳೆದಿರಲಿಲ್ಲ. ನಿಮ್ಮ ನಕಲು ಬಂದ ದಿನ ಡ್ರಾಯರ್ ತೆಗೆದೆ. ಆಮೇಲೆ ಹನ್ನೆರಡು ದಿನ ನಿಮಗೆ ಏನು ಬರೆಯಲೆಂದು ಯೋಚಿಸಿ ಆ ಕಾಗದ ಬರೆದೆ. ಅದನ್ನು ಬರೆಯುವಾಗ ಕೈ ಎಲ್ಲೂ ತಡೆಯಲಿಲ್ಲ.

ಈಗ ಆರನೇ ಪುಟ ಓದಿದ್ದೇನೆ. “ನಮಗೆ ಈ ಬುಗ್ಗೆಯೊಂದೇ ನೀರು. ನೂರ ನಲವತ್ತು ಮನೆಗಳಿವೆ, ಮುನ್ನೂರು ಹಸುಗಳಿವೆ. ಕಂಪನಿಗೆ ಬೇರೆ ಎರಡು ಬಾವಿಗಳಿವೆ. ಇದನ್ನು ಕೊಡಬೇಡಿ.” ನಾಲ್ಕು ಸಾಲು. ಹೀಗೆ ಬರೆಯಲು ನಿಮಗೆ ಬರುತ್ತಿತ್ತು. ಅದನ್ನು ಯಾಕೆ ಅಷ್ಟು ಕೆಳಗೆ ಹೂತಿಟ್ಟಿರಿ? ನಾನು ತಪ್ಪು ಮಾಡಿದ್ದೇನೆ, ಆದರೂ ಇದನ್ನು ಕೇಳದೆ ಬಿಡಲಾರೆ. ನನಗೆ ನಿಮ್ಮ ಮೇಲೆ ಇನ್ನೂ ಕೋಪವಿದೆ. ಪೊರಕೆಯ ಕಥೆಯನ್ನು ಮೂವತ್ತನಾಲ್ಕು ವರ್ಷದ ಮಗಳಿಗೆ ಈಗ ಹೇಳಿದಿರಿ. ಚಿಕ್ಕವಳಿದ್ದಾಗಲೇ ಹೇಳಿದ್ದರೆ ಆ ಪುಟ ನೋಡಿ ನನಗೆ ನಗು ಬರುತ್ತಿರಲಿಲ್ಲ.

ಇದರ ಜೊತೆ ನನ್ನ ಹೇಳಿಕೆ ಇದೆ. ಸಹಿ ಮಾಡಿದ್ದೇನೆ. ಮೇಲ್ಮನವಿಗೆ ಲಗತ್ತಿಸಿ. ಅರ್ಜಿ ಸಮಯಕ್ಕೆ ಬಂದಿತ್ತು, ಅದನ್ನು ತಡೆದದ್ದು ನಾನು ಎಂಬುದಕ್ಕೆ ಬೇರೆ ಸಾಕ್ಷಿಯಿಲ್ಲ. ಇದು ಒಳಗೆ ಹೋದ ದಿನ ನನ್ನ ಕೆಲಸ ಹೋಗುತ್ತದೆ. ಅದಕ್ಕಾಗಿ ನೀವು ಇದನ್ನು ತಡೆದು ಇಟ್ಟುಕೊಂಡರೆ ನಾನೇ ಒಂದು ಪ್ರತಿಯನ್ನು ನಿರ್ದೇಶಕರ ಮೇಜಿನ ಮೇಲೆ ಇಡುತ್ತೇನೆ.

ಫಾಬಿಯೋಲ


ಸಾನ್ ಅಲ್ಫೋನ್ಸೊ
29 ಜೂನ್ 2009

ಫಾಬಿಯೋಲ,

ತಡೆದು ಇಟ್ಟುಕೊಳ್ಳುವುದೇ? ನನ್ನನ್ನು ಏನೆಂದು ತಿಳಿದಿದ್ದೀಯ? ನಿನ್ನ ಕಾಗದ ಬಂದ ದಿನವೇ ಪುಕಾಲೋಮಕ್ಕೆ ಹೋದೆ. ಒಂದು ರಾತ್ರಿ ಅದನ್ನು ಜೇಬಿನಲ್ಲಿ ಇಟ್ಟುಕೊಂಡರೆ ನನ್ನ ಮನಸ್ಸು ಎಲ್ಲಿ ತಿರುಗುತ್ತದೋ ಎಂಬ ಭಯ ನನಗೇ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ನಿನಗೆ ಬರೆಯುತ್ತಿದ್ದೇನೆ.

ಊರ ಸಭೆಯಲ್ಲಿ ಓದಿದೆ. ಮೊದಲು ನನ್ನದು ಹೇಳಿಕೊಂಡೆ, ನಿಮ್ಮ ನೀರಿನ ಮಾತನ್ನು ಆರನೇ ಪುಟಕ್ಕೆ ತಳ್ಳಿದವನು ನಾನು ಎಂದು. ಆಮೇಲೆ ನಿನ್ನದು. ಕೆಲವರು ಎದ್ದು ಹೋದರು. ಒಬ್ಬ ನನ್ನ ಟೋಪಿಯನ್ನು ನೆಲಕ್ಕೆ ಬೀಳಿಸಿದ, ನಾನೇ ಬಗ್ಗಿ ಎತ್ತಿಕೊಂಡೆ. ಈ ಅಪ್ಪ ಮಗಳ ಸಹವಾಸವೇ ಸಾಕು, ಬೇರೆ ಯಾರಿಂದಲಾದರೂ ಬರೆಸೋಣ ಎಂದರು. ಸೊಯ್ಲಮ್ಮ ಒಪ್ಪಲಿಲ್ಲ. ಅವಳೇ ಹೇಳಿದಳು, ನಾನು ಟೈಪು ಮಾಡಿದೆ. ನಾನಾಗಿ ಒಂದು ಪದವನ್ನೂ ಸೇರಿಸಲಿಲ್ಲ. ಒಂದೇ ಪುಟ, ಅದರಲ್ಲೂ ಅರ್ಧ ಖಾಲಿ. ಸಹಿಗಳಿಗೆ ಜಾಗ ಬೇಕಲ್ಲ, ನೂರ ನಲವತ್ತು ಮನೆ.

ಆದರೆ ನಿನ್ನ ಹೇಳಿಕೆಯನ್ನು ಅವರು ಇನ್ನೂ ಲಗತ್ತಿಸಿಲ್ಲ. ಅವರ ಪದ್ಧತಿ ನಿನಗೆ ಮರೆತಿರಬಹುದು. ಊರಿಗೆ ಕೇಡು ಮಾಡಿದವರು ಕಾಗದದಲ್ಲಿ ಒಪ್ಪಿಕೊಂಡರೆ ಅವರಿಗೆ ಲೆಕ್ಕವಿಲ್ಲ. ಕಾಲುವೆ ತೋಡುವ ಮಿಂಗಾದ ದಿನ, ಮನೆಗೊಂದು ಆಳಿನಂತೆ ಊರೆಲ್ಲ ಸೇರಿದಾಗ, ಅವರ ಜೊತೆ ಕೆಸರಿಗಿಳಿದು ಕೆಲಸ ಮಾಡಿ, ಆಮೇಲೆ ಎದುರಿಗೆ ನಿಂತು ಬಾಯಿಬಿಟ್ಟು ಹೇಳಬೇಕು. ಕೇಳಿದ ಮೇಲೆ ಲಗತ್ತಿಸಬೇಕೋ ಬೇಡವೋ ಎಂದು ಅವರು ತೀರ್ಮಾನಿಸುತ್ತಾರೆ. ಮಿಂಗಾ ಜುಲೈ 5, ಭಾನುವಾರ. ಗಡುವಿಗೆ ಐದು ದಿನ ಉಳಿದಿರುತ್ತದೆ.

ನಾನು ಕೇಳಿದೆ, ನನ್ನ ಮಗಳು ಸ್ಪಾನಿಷಿನಲ್ಲಿ ಹೇಳಿದರೆ ಆದೀತೆ ಎಂದು.

“ನಮ್ ನೀರನ್ನ ಆ ಭಾಷೇಲೇ ಅಲ್ವಾ ಕಳ್ಕೊಂಡಿದ್ದು,” ಎಂದಳು ಸೊಯ್ಲಮ್ಮ. “ನಮ್ ಮಾತಲ್ಲೇ ಹೇಳ್ಲಿ. ನೀವು ಪಕ್ಕದಲ್ಲಿ ನಿಂತು ಚಂದ ಮಾಡಿ ಹೇಳೋದೂ ಬೇಡ.”

ಹಾಗಾಗಿ ನಾನು ಅನುವಾದ ಮಾಡುವುದಿಲ್ಲ. ಮನೆಯಲ್ಲಿ ಕಿಚುವಾ ಆಡಿದರೆ ನಿನ್ನ ನಾಲಿಗೆ ಕೆಡುತ್ತದೆಂದು ನಿನ್ನ ಅಜ್ಜಿಯ ಬಾಯಿ ಮುಚ್ಚಿಸಿದವನು ನಾನೇ. ಅದಕ್ಕೂ ಬೈದುಕೋ. ಊಟಕ್ಕೆ ಬಾ ಎಂದು ನಾನು ಕರೆಯುತ್ತಿಲ್ಲ. ಮೊದಲು ಅಲ್ಲಿಗೆ ಹೋಗು.

ನಿನ್ನ ಅಪ್ಪ


ಕೀತೊ
2 ಜುಲೈ 2009

ಅಪ್ಪ,

ನನಗೆ ಬರುವ ಕಿಚುವಾ ಎಂದರೆ ಅಜ್ಜಿ ನಿಮಗೆ ಕಾಣದಂತೆ ಕಲಿಸಿದ ಐವತ್ತು ಅರವತ್ತು ಪದ. ನಿನ್ನೆ ಕೂತು ಅವನ್ನೆಲ್ಲ ಬರೆದು ನೋಡಿದೆ. ‘ಸಂದರ್ಭ’ ಎಂಬುದಕ್ಕೆ ಪದ ಗೊತ್ತಿಲ್ಲ. ‘ಪರಿಶೀಲನೆ’, ‘ವಿಭಾಗ’, ‘ಉದ್ದೇಶವಿರಲಿಲ್ಲ’, ಇವು ಯಾವುವೂ ಬರುವುದಿಲ್ಲ. ನೀರು, ಕಾಗದ, ಕೈ, ಕಣ್ಣು, ನಾನು, ನಗು, ಇವು ಬರುತ್ತವೆ.

‘ನಿಮ್ಮ ಕಾಗದ ಬಂತು. ನಾನು ತೆಗೆದುಕೊಂಡೆ. ಓದಲಿಲ್ಲ. ನಕ್ಕೆ. ನಿಮ್ಮ ನೀರು ಹೋಯಿತು.’ ಇಷ್ಟನ್ನು ಜೋಡಿಸಿಕೊಂಡಿದ್ದೇನೆ. ಉಚ್ಚಾರಣೆ ಕೆಟ್ಟದಾಗಿರುತ್ತದೆ, ಅವರು ನಕ್ಕರೆ ನಗಲಿ.

‘ನೆಪ’ ಎನ್ನುವುದಕ್ಕೆ ಏನನ್ನುತ್ತಾರೋ ಗೊತ್ತಿಲ್ಲ. ನಮ್ಮ ಕಚೇರಿಯಲ್ಲಿ ನೆಲ ಒರೆಸುವಾಕೆ ಆ ಕಡೆಯವಳೇ, ಕೇಳಿದರೆ ಹೇಳಿಕೊಡುತ್ತಾಳೆ. ಕೇಳುವುದಿಲ್ಲ.

ಶನಿವಾರ ಸಂಜೆಯ ಬಸ್ಸಿಗೆ ಬಂದು ಸೀದಾ ಪುಕಾಲೋಮಕ್ಕೆ ಹೋಗುತ್ತೇನೆ.

ಫಾಬಿಯೋಲ